ಪಾತ್ರಕ್ಕೆ ತಯಾರಿ: ಮಾತು ಉರು ಹೊಡೆದರೆ ಸಾಕೇ?

ನಾಟಕದ ಕಲಾವಿದರು ನಮ್ಮ ಸ್ಟುಡಿಯೋಗೆ ಮಾತುಕತೆಗೆ ಬಂದಾಗಲೆಲ್ಲ, ಎದುರಿಗೆ ಕುಳಿತ ವಿದ್ಯಾರ್ಥಿಗಳಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಸರ್, ಅಷ್ಟೊಂದು ಮಾತು ಹೇಗೆ ನೆನಪಿಟ್ಟುಕೊಳ್ಳುತ್ತೀರಿ?" ಕಲಾವಿದರು ಸಾಮಾನ್ಯವಾಗಿ ನಕ್ಕುಬಿಡುತ್ತಾರೆ. ಮಾತು ನೆನಪಿಡುವುದು ತಮ್ಮ ಕೆಲಸದಲ್ಲಿ ಒಂದು ಚಿಕ್ಕ ಭಾಗ ಎಂಬುದನ್ನು ಎರಡು ನಿಮಿಷದಲ್ಲಿ ವಿವರಿಸುವುದು ಅವರಿಗೆ ಕಷ್ಟ. ಆ ಎರಡು ನಿಮಿಷದಲ್ಲಿ ಹೇಳಲಾಗದ್ದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ನಿಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ಗಿರೀಶ ಕಾರ್ನಾಡರ 'ತುಘಲಕ್' ನಾಟಕ ಆಯ್ಕೆಯಾಗಿದೆ ಎಂದುಕೊಳ್ಳಿ. 1964ರಲ್ಲಿ ಪ್ರಕಟವಾದ, 13 ದೃಶ್ಯಗಳ ಈ ನಾಟಕ ಕನ್ನಡದಲ್ಲಿ ಹುಟ್ಟಿ ಬೇರೆ ಭಾಷೆಗಳ ರಂಗಭೂಮಿಗೂ ಹೋಗಿದೆ. ನೋಟೀಸ್ ಬೋರ್ಡಿನಲ್ಲಿ ನಿಮ್ಮ ಹೆಸರಿದೆ. ನಾಟಕದ ಪ್ರತಿ ಕೈಗೆ ಬಂದಿದೆ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸವೆಂದರೆ ಕೆಂಪು ಪೆನ್ನು ಹಿಡಿದು ತಮ್ಮ ಮಾತುಗಳ ಕೆಳಗೆ ಗೆರೆ ಎಳೆಯುವುದು. ಎರಡನೆಯ ಕೆಲಸ ಅವನ್ನು ಉರು ಹೊಡೆಯುವುದು. ತೊಂದರೆ ಶುರುವಾಗುವುದೇ ಅಲ್ಲಿ. ಇದನ್ನು ನಾನು ಪುಸ್ತಕ ಓದಿ ತಿಳಿದದ್ದಲ್ಲ.

ಕಾವಲುಗಾರನ ಪಾತ್ರ

ಬಿ.ಎಸ್ಸಿ. ಓದುತ್ತಿದ್ದಾಗ ಇದೇ ನಾಟಕದಲ್ಲಿ ನನಗೊಂದು ಪಾತ್ರ ಸಿಕ್ಕಿತ್ತು. ಎಂಟನೆಯ ದೃಶ್ಯ. ದೌಲತಾಬಾದಿನ ಕೋಟೆ, ರಾತ್ರಿಯ ಹೊತ್ತು. ಒಬ್ಬ ಮುದುಕ, ಒಬ್ಬ ಹುಡುಗ ಕಾವಲು ನಿಂತಿದ್ದಾರೆ. ಆ ಹುಡುಗ ನಾನು. ಮಾತು ಕೆಲವೇ ಕೆಲವು. ಇಷ್ಟು ಸಣ್ಣ ಪಾತ್ರ ಕೊಟ್ಟರಲ್ಲ ಎಂಬ ಬೇಸರದಲ್ಲಿ ಒಂದೇ ಸಂಜೆ ಕುಳಿತು ನನ್ನ ಮಾತುಗಳನ್ನು ಬಾಯಿಪಾಠ ಮಾಡಿದೆ. ತಾಲೀಮಿಗೆ ನನ್ನ ದೃಶ್ಯದ ಹೊತ್ತಿಗೆ ಮಾತ್ರ ಹೋಗುತ್ತಿದ್ದೆ.

ಪ್ರದರ್ಶನದ ದಿನ ಮುದುಕನ ಪಾತ್ರದ ಗೆಳೆಯ ಗಾಬರಿಯಲ್ಲಿ ಎರಡು ಮಾತು ಹಾರಿಸಿ ಮೂರನೆಯದಕ್ಕೆ ಹೋದ. ನಾನು, ಅವನು ಕೇಳದೇ ಇದ್ದ ಮೊದಲನೆಯ ಪ್ರಶ್ನೆಗೆ ಉತ್ತರ ಕೊಟ್ಟೆ. ಸಭಾಂಗಣ ಗೊಳ್ಳೆಂದು ನಕ್ಕಿತು. ಆ ನಗುವಿನ ನಡುವೆಯೇ ಸುಲ್ತಾನ ಪ್ರವೇಶ ಮಾಡಬೇಕಾಯಿತು. ನಿದ್ದೆ ಬಾರದ ಒಬ್ಬ ಮನುಷ್ಯ ನಡುರಾತ್ರಿ ಕೋಟೆಯ ಮೇಲೆ ಬಂದು, ಗುರುತಿಲ್ಲದ ಹುಡುಗನ ಮುಂದೆ ತನ್ನ ಯೌವನವನ್ನು ನೆನೆಯುವ ದೃಶ್ಯ ಅದು. ಎರಡು ತಿಂಗಳು ಅದಕ್ಕಾಗಿ ದುಡಿದಿದ್ದ ನನ್ನ ಸಹಪಾಠಿ, ನಗು ನಿಲ್ಲಲಿ ಎಂದು ಕಾಯುತ್ತ ನಿಂತದ್ದು ಇಂದಿಗೂ ನನ್ನ ಕಣ್ಣ ಮುಂದಿದೆ. ಅವನ ದೃಶ್ಯವನ್ನು ಕೆಡಿಸಿದ್ದು ಮರೆವಲ್ಲ. ನನ್ನ ಮಾತುಗಳೆಲ್ಲ ನನಗೆ ನೆನಪಿದ್ದವು. ಎದುರಿನವನು ಏನು ಹೇಳುತ್ತಾನೆ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ.

ನಾಟಕದಲ್ಲಿ ಮಾತೆಂದರೆ ಉತ್ತರ. ಯಾರಿಗೆ, ಯಾತಕ್ಕೆ ಎಂಬುದು ತಿಳಿಯದೆ ಕಲಿತ ಉತ್ತರ ಪರೀಕ್ಷೆಯಲ್ಲೂ ನಿಲ್ಲುವುದಿಲ್ಲ, ರಂಗದ ಮೇಲೂ ನಿಲ್ಲುವುದಿಲ್ಲ.

ಮೊದಲು ಇಡೀ ನಾಟಕ

ಆದ್ದರಿಂದ ಮೊದಲ ಹೆಜ್ಜೆ ಇದು: ನಿಮ್ಮ ಪಾತ್ರ ಎಷ್ಟೇ ಸಣ್ಣದಿರಲಿ, ಇಡೀ ನಾಟಕವನ್ನು ಕನಿಷ್ಠ ಮೂರು ಸಲ ಓದಿ. ಮೊದಲ ಸಲ ಸುಮ್ಮನೆ ಕಥೆಗಾಗಿ. ಎರಡನೆಯ ಸಲ ಬೇರೆಯವರ ಪಾತ್ರಗಳಿಗಾಗಿ. ಮೂರನೆಯ ಸಲ ನಿಮ್ಮ ಪಾತ್ರಕ್ಕಾಗಿ. ಮೂರನೆಯ ಓದಿಗೆ ಒಂದು ನೋಟ್‌ಬುಕ್ ಇಟ್ಟುಕೊಂಡು ಮೂರು ಅಂಕಣ ಎಳೆಯಿರಿ. ನಿಮ್ಮ ಪಾತ್ರ ತನ್ನ ಬಗ್ಗೆ ತಾನು ಏನು ಹೇಳಿಕೊಳ್ಳುತ್ತದೆ? ಬೇರೆಯವರು ಅದರ ಬಗ್ಗೆ ಏನು ಹೇಳುತ್ತಾರೆ? ಅದು ನಿಜವಾಗಿ ಏನು ಮಾಡುತ್ತದೆ?

ಪ್ರಯೋಗಶಾಲೆಯಲ್ಲಿ ನಮಗೆ ಹೇಳಿಕೊಟ್ಟದ್ದು ಇದೇ ಅಲ್ಲವೇ? ಮೊದಲು ವೀಕ್ಷಣೆ, ಆಮೇಲೆ ತೀರ್ಮಾನ. ಈ ಮೂರು ಅಂಕಣಗಳು ಒಂದಕ್ಕೊಂದು ಹೊಂದದಿದ್ದರೆ ಗಾಬರಿ ಬೇಡ. ಪಾತ್ರದ ಜೀವ ಇರುವುದು ಆ ಬಿರುಕಿನಲ್ಲಿಯೇ. ಸುಲ್ತಾನ ನ್ಯಾಯದ ಮಾತಾಡುತ್ತಾನೆ. ತಂದೆಯನ್ನೂ ತಮ್ಮನನ್ನೂ ಕೊಲ್ಲಿಸಿದನೆಂದು ಜನ ಪಿಸುಗುಟ್ಟುತ್ತಾರೆ. ಆತ ಮಾಡುವುದೋ, ಒಂದೆಡೆ ತನ್ನ ಮೇಲೆಯೇ ದಾವೆ ಹೂಡಲು ಪ್ರಜೆಗೆ ಅವಕಾಶ ಕೊಡುತ್ತಾನೆ, ಇನ್ನೊಂದೆಡೆ ವಿರೋಧಿಗಳನ್ನು ಉಪಾಯದಿಂದ ಮುಗಿಸುತ್ತಾನೆ. ಮೂರೂ ಒಬ್ಬನೇ ಮನುಷ್ಯ. ಒಂದನ್ನು ಬಿಟ್ಟು ಇನ್ನೊಂದನ್ನು ಅಭಿನಯಿಸಿದರೆ ಪಾತ್ರ ಕುಂಟುತ್ತದೆ.

'ಹುಚ್ಚ' ಎಂಬ ಸುಲಭದ ದಾರಿ

ಕನ್ನಡದಲ್ಲಿ 'ತುಘಲಕ್ ದರ್ಬಾರು' ಎಂಬ ಮಾತೇ ಇದೆ. ತಲೆಬುಡವಿಲ್ಲದ ಆಡಳಿತಕ್ಕೆ ನಾವು ಇಟ್ಟ ಹೆಸರು. ಈ ಪಾತ್ರ ಸಿಕ್ಕ ಹುಡುಗ ಮೊದಲ ದಿನವೇ ಕಣ್ಣು ಕೆಕ್ಕರಿಸಿ, ಗಹಗಹಿಸಿ ನಗಲು ಶುರು ಮಾಡುವುದು ಅದಕ್ಕೇ. ಅವನು ನಾಟಕವನ್ನು ಓದಿಲ್ಲ, ಗಾದೆಯನ್ನು ಅಭಿನಯಿಸುತ್ತಿದ್ದಾನೆ.

ನಾಟಕ ಓದಿ ನೋಡಿ. ರಾಜಧಾನಿಯನ್ನು ದೆಹಲಿಯಿಂದ ದೌಲತಾಬಾದಿಗೆ ಏಕೆ ಸಾಗಿಸುತ್ತೇನೆ ಎಂಬುದಕ್ಕೆ ಆತ ಮೊದಲ ದೃಶ್ಯದಲ್ಲಿಯೇ ಕಾರಣ ಕೊಡುತ್ತಾನೆ. ದೆಹಲಿ ಗಡಿಗೆ ಹತ್ತಿರ. ದೌಲತಾಬಾದ್ ಹಿಂದೂಗಳು ಹೆಚ್ಚಾಗಿರುವ ಊರು, ಎರಡು ಸಮುದಾಯಗಳನ್ನು ಬೆಸೆಯಲು ಅದು ನೆರವಾದೀತು. ಕೇಳಿದರೆ ತಲೆದೂಗಬೇಕು ಅನ್ನಿಸುವ ಮಾತು. ಆದರೆ ಸಾವಿರ ಕಿಲೋಮೀಟರಿಗೂ ಮೀರಿದ ಆ ದಾರಿಯಲ್ಲಿ ಮುದುಕರು, ಮಕ್ಕಳು ಹೇಗೆ ನಡೆದಾರು ಎಂಬ ಪ್ರಶ್ನೆ ಆತನಿಗೆ ಹೊಳೆಯುವುದಿಲ್ಲ. ಏಳನೆಯ ದೃಶ್ಯದಲ್ಲಿ ಆ ದಾರಿ ನಮಗೆ ಕಾಣುತ್ತದೆ: ಕಾಯಿಲೆ ಬಿದ್ದ ಮಗುವನ್ನು ವೈದ್ಯರಿಗೆ ತೋರಿಸಲು ಬಿಡಿ ಎಂದು ತಾಯಿಯೊಬ್ಬಳು ಬೇಡುತ್ತಾಳೆ, ಲಂಚ ಕೊಡಲು ಹಣವಿಲ್ಲದ್ದರಿಂದ ಅಪ್ಪಣೆ ಸಿಗುವುದಿಲ್ಲ.

ಸುಲ್ತಾನನನ್ನು ಹುಚ್ಚನನ್ನಾಗಿ ಮಾಡಿದರೆ ಪ್ರೇಕ್ಷಕ ನಕ್ಕು ಮನೆಗೆ ಹೋಗುತ್ತಾನೆ. 'ನಾನೇನೂ ಹೀಗಲ್ಲ' ಎಂಬ ನೆಮ್ಮದಿ ಅವನಿಗೆ. ಬುದ್ಧಿವಂತನೂ ಆದರ್ಶವಾದಿಯೂ ಆದವನು ಹೆಜ್ಜೆ ಹೆಜ್ಜೆಯಾಗಿ ಕ್ರೂರಿಯಾದದ್ದನ್ನು ತೋರಿಸಿದರೆ ಆ ನೆಮ್ಮದಿ ಉಳಿಯುವುದಿಲ್ಲ. ನಟ ತನ್ನ ಪಾತ್ರದ ನ್ಯಾಯಾಧೀಶನಾಗಬಾರದು ಎನ್ನುವುದು ಈ ಕಾರಣಕ್ಕೆ. ತೀರ್ಪು ಕೊಡುವ ಕೆಲಸ ಪ್ರೇಕ್ಷಕರದು. ಆ ಮನುಷ್ಯನಿಗೆ ತನ್ನ ನಡೆ ಏಕೆ ಸರಿ ಎನ್ನಿಸಿತು ಎಂಬುದನ್ನು ಹುಡುಕುವ ಕೆಲಸ ನಿಮ್ಮದು.

ವಿಶೇಷಣ ಬೇಡ, ಕ್ರಿಯಾಪದ ಬೇಕು

ಇನ್ನು ಒಂದೊಂದೇ ದೃಶ್ಯಕ್ಕೆ ಬನ್ನಿ. 'ಇಲ್ಲಿ ಸಿಟ್ಟು', 'ಇಲ್ಲಿ ದುಃಖ' ಎಂದು ಮಾರ್ಜಿನ್ನಿನಲ್ಲಿ ಬರೆದುಕೊಳ್ಳುವ ಅಭ್ಯಾಸ ಅನೇಕರಿಗಿದೆ. ಆದರೆ ಸಿಟ್ಟು ಎಂಬುದನ್ನು ಮಾಡಲು ಆಗುವುದಿಲ್ಲ. ಮಾಡಲು ಹೊರಟರೆ ಹುಬ್ಬು ಗಂಟಿಕ್ಕುತ್ತದೆ, ಧ್ವನಿ ಏರುತ್ತದೆ, ಅಷ್ಟೆ. ಅದರ ಬದಲು ಹೀಗೆ ಕೇಳಿಕೊಳ್ಳಿ: ಈ ಮನುಷ್ಯನಿಗೆ ಈಗ, ಎದುರಿಗಿರುವವರಿಂದ ಏನು ಬೇಕು?

ರಷ್ಯಾದ ನಟ, ನಿರ್ದೇಶಕ ಕಾನ್‌ಸ್ಟಂಟಿನ್ ಸ್ಟಾನಿಸ್ಲಾವ್‌ಸ್ಕಿ (1863–1938) ತನ್ನ ಶಿಷ್ಯರಿಗೆ ಕಲಿಸಿದ ಮುಖ್ಯ ಪಾಠಗಳಲ್ಲಿ ಇದೂ ಒಂದು. 1898ರಲ್ಲಿ ಮಾಸ್ಕೋ ಆರ್ಟ್ ಥಿಯೇಟರನ್ನು ಕಟ್ಟಿದವರಲ್ಲಿ ಆತ ಒಬ್ಬ. ಭಾವವನ್ನು ನೇರವಾಗಿ ಹಿಡಿಯಲು ಹೋದರೆ ಅದು ಸಿಗುವುದಿಲ್ಲ, 'ಈ ಸನ್ನಿವೇಶದಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆ' ಎಂದು ಕೇಳಿಕೊಂಡು ಆ ಕೆಲಸ ಮಾಡಿದರೆ ಭಾವ ತಾನಾಗಿ ಹಿಂದೆ ಬರುತ್ತದೆ ಎಂಬುದು ಆತನ ನಂಬಿಕೆ.

ಎರಡನೆಯ ದೃಶ್ಯದಲ್ಲಿ ಇದನ್ನು ಪರೀಕ್ಷಿಸೋಣ. ಸುಲ್ತಾನ ಚದುರಂಗದ ಹಲಗೆಯ ಮುಂದೆ ಬಾಗಿ ಕುಳಿತಿದ್ದಾನೆ. ಕಠಿಣ ಸಮಸ್ಯೆಯೊಂದನ್ನು ಬಿಡಿಸಿದ ಸಂತೋಷ ಅವನಿಗೆ. ಮಲತಾಯಿ ಬರುತ್ತಾಳೆ. ಆಕೆಗೆ ಬೇಕಾದದ್ದು ಅವನು ನಿದ್ದೆ ಮಾಡಬೇಕು ಎಂಬುದು. ಅವನಿಗೆ ಬೇಕಾದದ್ದು ತನ್ನ ಸಂತೋಷದಲ್ಲಿ ಆಕೆಯೂ ಪಾಲುಗೊಳ್ಳಬೇಕು ಎಂಬುದು. ಈ ಎರಡು 'ಬೇಕು'ಗಳನ್ನು ಬರೆದುಕೊಂಡು ಮಾತು ಓದಿ. ಯಾವ ಮಾತಿಗೆ ಒತ್ತು, ಎಲ್ಲಿ ನಿಲುಗಡೆ, ಯಾವಾಗ ಎದುರಿನವರ ಮುಖ ನೋಡಬೇಕು ಎಂಬುದು ಯಾರೂ ಹೇಳಿಕೊಡದೆ ಹೊಳೆಯತೊಡಗುತ್ತದೆ.

ಎಷ್ಟೋ ಸಲ 'ಬೇಕು' ಏನೆಂಬುದು ಖಚಿತವಾಗುವುದಿಲ್ಲ. ಹತ್ತನೆಯ ದೃಶ್ಯದಲ್ಲಿ ನಜೀಬನನ್ನು ಕೊಲ್ಲಿಸಿದವಳು ತಾನೇ ಎಂದು ಮಲತಾಯಿ ಒಪ್ಪಿಕೊಳ್ಳುತ್ತಾಳೆ. ಆಕೆಯಿಂದ ಸುಲ್ತಾನನಿಗೆ ಏನು ಬೇಕು? ಆಕೆ ಅದು ಸುಳ್ಳೆಂದು ಹೇಳಲಿ ಎಂದೇ? ಹೆದರಲಿ ಎಂದೇ? ತನ್ನ ಪಾಪದಲ್ಲಿ ಪಾಲುದಾರಳಾಗಲಿ ಎಂದೇ? ಮೂರನ್ನೂ ಮೂರು ದಿನದ ತಾಲೀಮಿನಲ್ಲಿ ಮಾಡಿ ನೋಡಿ. ತಾಲೀಮು ಎಂದರೆ ಒಂದನ್ನೇ ನೂರು ಸಲ ಒಪ್ಪಿಸುವುದಲ್ಲ, ಊಹೆಗಳನ್ನು ಒರೆಗೆ ಹಚ್ಚುವುದು. ಯಾವುದು ಉಳಿಯಬೇಕು ಎಂಬುದನ್ನು ನಿರ್ದೇಶಕರೊಂದಿಗೆ ಕುಳಿತು ತೀರ್ಮಾನಿಸಿ.

ಪಾತ್ರದ ನಕ್ಷೆ

ದೊಡ್ಡ ಪಾತ್ರ ಸಿಕ್ಕವರು ಇನ್ನೊಂದು ಕೆಲಸ ಮಾಡಬೇಕು. ಇಡೀ ನಾಟಕದಲ್ಲಿ ಪಾತ್ರ ಸಾಗುವ ದಾರಿಯನ್ನು ಒಂದು ಗ್ರಾಫ್‌ನಂತೆ ಬರೆದುಕೊಳ್ಳುವುದು. ತುಘಲಕನಿಗೆ 'ನಿದ್ದೆ'ಯನ್ನೇ ಅಳತೆಗೋಲಾಗಿ ಹಿಡಿಯಿರಿ. ಎರಡನೆಯ ದೃಶ್ಯದಲ್ಲಿ ಆತ ನಿದ್ದೆ ಬೇಡವೆನ್ನುತ್ತಾನೆ. ಮಾಡಬೇಕಾದ ಕೆಲಸ ಅಷ್ಟಿದೆ. ಎಂಟನೆಯ ದೃಶ್ಯದ ಹೊತ್ತಿಗೆ ನಿದ್ದೆಯೇ ಅವನನ್ನು ಬಿಟ್ಟು ಹೋಗಿದೆ. ನಾಟಕದ ಕೊನೆಯಲ್ಲಿ, ಪ್ರಾರ್ಥನೆಯ ಕರೆ ಕೇಳುವ ಹೊತ್ತಿಗೆ, ಕುಳಿತಲ್ಲೇ ನಿದ್ದೆ ಹತ್ತುತ್ತದೆ. ಎರಡನೆಯ ದೃಶ್ಯದಲ್ಲೇ ನೀವು ಬಳಲಿದ ಮುಖ ತೋರಿಸಿದರೆ ಕೊನೆಗೆ ತೋರಿಸಲು ಏನೂ ಉಳಿಯುವುದಿಲ್ಲ. ಮೊದಲು ಲವಲವಿಕೆ ಇದ್ದರೆ ಮಾತ್ರ ಅದು ಹೋದದ್ದು ಕಾಣುತ್ತದೆ.

ಇತಿಹಾಸ ಎಷ್ಟು ಓದಬೇಕು?

ಮಹಮ್ಮದ್ ಬಿನ್ ತುಘಲಕ್ ಆಳಿದ್ದು 1325ರಿಂದ 1351ರವರೆಗೆ, 26 ವರ್ಷ. ನಾಟಕ 1327ರಿಂದ ಆಚೆಗಿನ ಸುಮಾರು ಐದು ವರ್ಷಗಳಲ್ಲಿ ಕಥೆಯನ್ನು ಹಿಡಿದಿಡುತ್ತದೆ. ನಾಟಕದಲ್ಲಿ ಬರುವ ಬರನಿ ನಿಜವಾಗಿಯೂ ಇದ್ದ ಇತಿಹಾಸಕಾರ, ಸುಲ್ತಾನನ ಕಾಲವಾದ ಮೇಲೆ ಆತನ ಆಳ್ವಿಕೆಯ ಬಗ್ಗೆ ಬರೆದವನು. ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ಆತನ ಆಸ್ಥಾನದಲ್ಲಿದ್ದವನು. ಇವನ್ನು ಓದಿದರೆ ಲಾಭವಿದೆ. ಆಸ್ಥಾನದ ರೀತಿ ನೀತಿ, ಉಡುಗೆ, ತಾಮ್ರದ ನಾಣ್ಯದ ಅವಾಂತರ ಇವೆಲ್ಲ ಕಣ್ಣಿಗೆ ಕಟ್ಟುತ್ತವೆ.

ಆದರೆ ಒಂದು ಎಚ್ಚರ. ನೀವು ಅಭಿನಯಿಸುವುದು ಇತಿಹಾಸದ ಸುಲ್ತಾನನನ್ನಲ್ಲ, ನಾಟಕದ ಸುಲ್ತಾನನನ್ನು. ಎರಡರ ನಡುವೆ ಭಿನ್ನಾಭಿಪ್ರಾಯ ಬಂದರೆ ನಾಟಕದ ಪ್ರತಿಯ ಮಾತೇ ಅಂತಿಮ. ಹಾಗೆಯೇ ಹಿಂದಿನ ನಟರ ನಕಲೂ ಬೇಡ. ಕನ್ನಡದಲ್ಲಿ ಬಿ. ವಿ. ಕಾರಂತರ ನಿರ್ದೇಶನದಲ್ಲಿ ಸಿ. ಆರ್. ಸಿಂಹ, ದೆಹಲಿಯ ಪುರಾನಾ ಕಿಲಾದಲ್ಲಿ ಇಬ್ರಾಹಿಂ ಅಲ್ಕಾಜಿ ಅವರ ನಿರ್ದೇಶನದಲ್ಲಿ ಮನೋಹರ್ ಸಿಂಗ್ ಈ ಪಾತ್ರದಿಂದ ಹೆಸರಾದರು. ಅವರ ಸಾಧನೆಯ ಬಗ್ಗೆ ತಿಳಿಯಿರಿ. ಆದರೆ ಅವರ ಗತ್ತು ಅವರ ದೇಹಕ್ಕೆ, ಅವರ ಧ್ವನಿಗೆ ಒಪ್ಪಿದ್ದು.

ಮಾತು ನೆನಪಿಡುವ ಬಗೆ

ಈಗ ಆ ಹಳೆಯ ಪ್ರಶ್ನೆಗೆ ಬರೋಣ. 1885ರಷ್ಟು ಹಿಂದೆಯೇ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ನೆನಪನ್ನೇ ಪ್ರಯೋಗಕ್ಕೆ ಒಡ್ಡಿ, ಅರ್ಥವಿಲ್ಲದ ಅಕ್ಷರಗುಂಪುಗಳನ್ನು ಕಲಿತು, ಎಷ್ಟು ಬೇಗ ಮರೆಯುತ್ತವೆ ಎಂದು ಅಳೆದ. ಕಲಿತ ಸ್ವಲ್ಪ ಹೊತ್ತಿನಲ್ಲೇ ಮರೆವು ಹೆಚ್ಚು, ಆಮೇಲೆ ಅದರ ವೇಗ ಇಳಿಯುತ್ತದೆ. ಒಂದೇ ರಾತ್ರಿ ಕುಳಿತು ಕಲಿಯುವುದಕ್ಕಿಂತ ದಿನಗಳನ್ನು ಹಂಚಿಕೊಂಡು ಕಲಿತದ್ದು ಹೆಚ್ಚು ಕಾಲ ನಿಲ್ಲುತ್ತದೆ. ಅರ್ಥವಿರುವ ಮಾತನ್ನು ಕಲಿಯುವುದು ಇನ್ನೂ ಸುಲಭ.

ಹೀಗೆ ಮಾಡಿ. ಒಂದು ದಿನಕ್ಕೆ ಒಂದೇ ದೃಶ್ಯ. ಎದುರಿನವರ ಮಾತನ್ನೂ ಸೇರಿಸಿ ಓದಿ. ನಿಮ್ಮ ಮಾತಿನ ಮೇಲೆ ಕಾಗದ ಮುಚ್ಚಿ, ಎದುರಿನವರ ಮಾತು ಓದಿ, ಆಮೇಲೆ ನಿಮ್ಮದನ್ನು ಹೇಳಿ. ಮನೆಯಲ್ಲಿ ಅಕ್ಕನನ್ನೋ ತಮ್ಮನನ್ನೋ ಕೂರಿಸಿಕೊಂಡು ಎದುರಿನ ಪಾತ್ರ ಓದಿಸಿ. ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ಮತ್ತೆ ನೋಡಿ. ಕಲಿಯುವಾಗ ರಾಗ ಹಾಕಬೇಡಿ. ಒಮ್ಮೆ ರಾಗದೊಂದಿಗೆ ಕಲಿತ ಮಾತು ಮಗ್ಗಿಯಂತೆ ಒಂದೇ ಧಾಟಿಯಲ್ಲಿ ಬರುತ್ತದೆ, ನಿರ್ದೇಶಕರು ಬದಲಿಸಿ ಎಂದರೂ ಬದಲಾಗುವುದಿಲ್ಲ.

ಧ್ವನಿ ಮತ್ತು ದೇಹ

ಭರತನ ನಾಟ್ಯಶಾಸ್ತ್ರ ಅಭಿನಯವನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ: ದೇಹದ್ದು ಆಂಗಿಕ, ಮಾತಿನದು ವಾಚಿಕ, ವೇಷಭೂಷಣದ್ದು ಆಹಾರ್ಯ, ಒಳಗಿನ ಭಾವದ್ದು ಸಾತ್ವಿಕ. ಮಾತನ್ನಷ್ಟೇ ಉರು ಹೊಡೆದವನು ನಾಲ್ಕರಲ್ಲಿ ಒಂದರ ತಯಾರಿಯನ್ನು, ಅದನ್ನೂ ಅರ್ಧ ಮಾಡಿಕೊಂಡಂತೆ.

ಟೆಲಿವಿಷನ್ ಸ್ಟುಡಿಯೋದಲ್ಲಿ ಮೈಕು ನಿಮ್ಮ ಅಂಗಿಯ ಮೇಲೇ ಇರುತ್ತದೆ, ಪಿಸುಮಾತೂ ಸಾಕು. ರಂಗದ ಮೇಲೆ ಹಾಗಲ್ಲ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಶಬ್ದದ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗೆಂದು ಕಿರುಚಿದರೆ ಗಂಟಲು ಕಟ್ಟುತ್ತದೆ. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಎಂಬ ಸ್ನಾಯುವನ್ನು ಬಳಸಿ ಆಳವಾಗಿ ಉಸಿರು ತುಂಬಿಕೊಳ್ಳಿ. ಹೊಟ್ಟೆಯ ಮೇಲೆ ಕೈಯಿಟ್ಟರೆ ಉಸಿರು ಎಳೆದಾಗ ಕೈ ಮುಂದಕ್ಕೆ ಬರಬೇಕು. ಹೊರಬಿಡುವ ಉಸಿರಿನ ಮೇಲೆ ಮಾತನ್ನು ನಿಧಾನವಾಗಿ ಕಳಿಸಿ.

ಕನ್ನಡ ಮಾತಾಡುವವರಿಗೆ ಇನ್ನೊಂದು ಎಚ್ಚರ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಹೌದೋ ಅಲ್ಲವೋ ಎಂಬುದು ಅಲ್ಲೇ ತೀರ್ಮಾನ. 'ಬರುತ್ತೇನೆ' ಮತ್ತು 'ಬರುವುದಿಲ್ಲ' ಇವುಗಳ ವ್ಯತ್ಯಾಸ ಇರುವುದು ಬಾಲದಲ್ಲಿ. ಹೊಸ ನಟರು ವಾಕ್ಯದ ಕೊನೆಗೆ ಉಸಿರು ಮುಗಿದು ಧ್ವನಿ ಇಳಿಸುತ್ತಾರೆ. ಹಿಂದಿನ ಸಾಲಿನವರಿಗೆ ಸುಲ್ತಾನ ಕ್ಷಮಿಸಿದನೋ ಕೊಲ್ಲಿಸಿದನೋ ತಿಳಿಯುವುದೇ ಇಲ್ಲ. ಗೆಳೆಯನೊಬ್ಬನನ್ನು ಕೊನೆಯ ಸಾಲಿನಲ್ಲಿ ಕೂರಿಸಿ, ಪ್ರತಿ ವಾಕ್ಯದ ಕೊನೆಯ ಪದ ಕೇಳಿತೇ ಎಂದು ಕೇಳಿ.

ಉಡುಪು ಮತ್ತು ಪರಿಕರಗಳನ್ನು ಕೊನೆಯ ದಿನದವರೆಗೆ ಬಿಡಬೇಡಿ. ನಿಲುವಂಗಿಯ ಬದಲು ಒಂದು ಹಳೆಯ ಶಾಲು, ಈಟಿಯ ಬದಲು ಒಂದು ಕೋಲು ಇದ್ದರೂ ಆದೀತು. ಭಾರದ ಉಡುಪಿನಲ್ಲಿ ಕುಳಿತು ಏಳುವ ರೀತಿಯೇ ಬೇರೆ. ಪ್ರದರ್ಶನದ ರಾತ್ರಿ ಮೊದಲ ಸಲ ತೊಟ್ಟರೆ ಗಮನವೆಲ್ಲ ಅಂಚು ಎತ್ತಿಕೊಳ್ಳುವುದರಲ್ಲೇ ಹೋಗುತ್ತದೆ.

ಸಣ್ಣ ಪಾತ್ರದ ತಯಾರಿ

ಅಂದು ಆ ಕಾವಲುಗಾರ ಹುಡುಗನಿಗಾಗಿ ನಾನು ಮಾಡಬೇಕಾಗಿದ್ದ ಕೆಲಸ ಎಷ್ಟೊಂದಿತ್ತು! ಪ್ರವೇಶಕ್ಕೆ ಐದು ನಿಮಿಷ ಮುಂಚೆ ಅವನು ಏನು ಮಾಡುತ್ತಿದ್ದ? ಎಷ್ಟು ಹೊತ್ತಿನಿಂದ ನಿಂತಿದ್ದಾನೆ? ಕಾಲು ನೋಯುತ್ತಿದೆಯೇ? ದೆಹಲಿಯಿಂದ ಬರುವ ದಾರಿಯಲ್ಲಿ ತನ್ನವರನ್ನು ಕಳೆದುಕೊಂಡ ಮುದುಕನಿಂದ ಅವನಿಗೆ ಏನು ಕೇಳಬೇಕಾಗಿದೆ? ಅವನಿಗಿನ್ನೂ 19 ವರ್ಷ. ಎದುರಿಗೆ ನಿಂತವನು ಸುಲ್ತಾನನೆಂದು ತಿಳಿದ ಕ್ಷಣದಲ್ಲಿ ಅವನ ಬೆನ್ನು, ಕೈ, ಉಸಿರು ಏನಾಗುತ್ತವೆ?

ಆಮೇಲೆ ಸುಲ್ತಾನ ಮಾತಾಡುತ್ತಾನೆ, ಹುಡುಗ ಕೇಳುತ್ತಾನೆ. ಪ್ರೇಕ್ಷಕರು ಆಗ ಇಬ್ಬರನ್ನೂ ನೋಡುತ್ತಾರೆ. ಹುಡುಗ ನಿಜವಾಗಿ ಕೇಳಿಸಿಕೊಂಡರೆ ಸುಲ್ತಾನನ ಮಾತಿಗೆ ತೂಕ ಬರುತ್ತದೆ. ತನ್ನ ಮುಂದಿನ ಮಾತನ್ನು ಮನಸ್ಸಿನಲ್ಲಿ ಎಣಿಸುತ್ತ ನಿಂತರೆ, ಎಷ್ಟು ದೊಡ್ಡ ನಟನಾದರೂ ಗೋಡೆಗೆ ಮಾತಾಡಿದಂತೆ. ಕೇಳುವುದೂ ಅಭಿನಯ. ಮಾತಿಲ್ಲದವರ ತಯಾರಿಯೇ ಮಾತಿರುವವರಿಗೆ ಆಸರೆ.

ಪ್ರದರ್ಶನದ ದಿನ

ಎದೆ ಬಡಿದುಕೊಳ್ಳುವುದು, ಬಾಯಿ ಒಣಗುವುದು, ಅಂಗೈ ಬೆವರುವುದು ಎಲ್ಲರಿಗೂ ಇದ್ದದ್ದೇ. ಅಡ್ರಿನಲಿನ್ ಎಂಬ ಹಾರ್ಮೋನು ದೇಹವನ್ನು ಸಜ್ಜು ಮಾಡುತ್ತಿದೆ ಎಂದು ಅರ್ಥ. ಸೈಡ್ ವಿಂಗ್‌ನಲ್ಲಿ ನಿಂತು, ಒಳಗೆ ಎಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಉಸಿರು ಹೊರಬಿಡಿ. ಹತ್ತು ಸಲ ಮಾಡಿದರೆ ಬಡಿತ ಸ್ವಲ್ಪ ತಗ್ಗುತ್ತದೆ. ಆ ಹೊತ್ತಿನಲ್ಲಿ ಮಾತುಗಳನ್ನು ಮತ್ತೆ ಮೊದಲಿನಿಂದ ಗುಣಿಸಬೇಡಿ. 'ನಾನು ಎಲ್ಲಿಂದ ಬಂದೆ, ಒಳಗಿರುವವರಿಂದ ನನಗೇನು ಬೇಕು' ಎಂಬ ಎರಡನ್ನೇ ನೆನೆಯಿರಿ.

ರಂಗದ ಮೇಲೆ ಮಾತು ಮರೆತರೆ ಪ್ರಾಂಪ್ಟರ್ ಕಡೆ ತಿರುಗಬೇಡಿ, ಎದುರಿನವರ ಕಣ್ಣು ನೋಡಿ. ನಿಮಗೆ ಬೇಕಾದದ್ದು ಏನೆಂದು ಗೊತ್ತಿದ್ದರೆ ಒಂದು ಪದ ಆಚೀಚೆ ಆದರೂ ದೃಶ್ಯ ಮುಂದೆ ಸಾಗುತ್ತದೆ. ಎದುರಿನವರು ಮಾತು ಹಾರಿಸಿದರೂ, ಅವರು ಈಗ ಕೇಳಿದ್ದಕ್ಕೆ ಉತ್ತರ ಕೊಡಿ. ನನಗೆ ಆ ದಿನ ಗೊತ್ತಿಲ್ಲದೇ ಇದ್ದದ್ದು ಇಷ್ಟೇ.

ನಿಮ್ಮಲ್ಲಿ ಹೆಚ್ಚಿನವರು ಮುಂದೆ ನಟರಾಗಲಾರಿರಿ. ಇಂಜಿನಿಯರೋ, ಶಿಕ್ಷಕರೋ, ವ್ಯಾಪಾರಿಗಳೋ ಆಗುವಿರಿ. ಆದರೆ ನಮಗೆ ಒಪ್ಪಿಗೆಯಾಗದ ಒಬ್ಬ ಮನುಷ್ಯನ ಮಾತನ್ನು ಪೂರ್ತಿ ಕೇಳಿ, ಅವನಿಗೆ ಅದು ಏಕೆ ಸರಿಯೆನ್ನಿಸಿತು ಎಂದು ತಿಂಗಳುಗಟ್ಟಲೆ ಹುಡುಕುವ ಅವಕಾಶ ಬೇರೆಲ್ಲಿ ಸಿಕ್ಕೀತು?

ಹಾಗಾದರೆ ಇವತ್ತು ರಾತ್ರಿ ನಾಟಕದ ಪ್ರತಿ ತೆರೆಯಿರಿ. ಕೆಂಪು ಪೆನ್ನನ್ನು ಬದಿಗಿಡಿ. ಮೊದಲು ಬೇರೆಯವರ ಮಾತುಗಳನ್ನು ಓದಿ.